ಅವಳ ಬದಲಿಗೆ ಹೇಳಿದ ಉತ್ತರ

ಡಾಕ್ಟರು ಕೇಳಿದ್ದು ಅವಳನ್ನು. ಉತ್ತರ ಕೊಟ್ಟಿದ್ದು ನಾನು. ಆಡಿದ ಮಾತನ್ನು ಮರಳಿ ನುಂಗುವ ಹಾಗಿದ್ದಿದ್ದರೆ ಆ ಒಂದೇ ಒಂದು ಮಾತನ್ನು ನುಂಗಿಕೊಂಡು ಸುಮ್ಮನಿರುತ್ತಿದ್ದೆ.

ಅವಳು ಎಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಕರೆಯುವುದು ತಂಗಿ ಎಂದೇ. ನಮ್ಮಿಬ್ಬರಿಗೂ ಒಂದು ದೊಡ್ಡ ವಸತಿ ಹೋಟೆಲಿನ ಬಟ್ಟೆ ಕೋಣೆಯಲ್ಲಿ ಕೆಲಸ. ಮೇಲೆ ಐದು ಅಂತಸ್ತು, ನೂರ ಇಪ್ಪತ್ತು ಕೋಣೆ. ನಾವಿರುವುದು ಎಲ್ಲದರ ಕೆಳಗೆ, ನೆಲಮಾಳಿಗೆಯಲ್ಲಿ. ಬೆಳಕೆಂದರೆ ಟ್ಯೂಬ್‌ಲೈಟು, ಗಾಳಿಯೆಂದರೆ ಹಬೆ. ಒಗೆಯುವ ಯಂತ್ರ ನಾಲ್ಕು, ಒಣಗಿಸುವುದು ಎರಡು, ಬಿಸಿ ಉರುಳೆಯ ಇಸ್ತ್ರಿ ಯಂತ್ರ ಒಂದು. ನಾವು ಹೆಂಗಸರು ಆರು ಜನ.

ಬೆಡ್‌ಶೀಟು ಮಡಿಸುವುದು ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಆ ತುದಿ ಒಬ್ಬಳು, ಈ ತುದಿ ಒಬ್ಬಳು. ಜಾಡಿಸಬೇಕು, ಎಳೆಯಬೇಕು, ಮಡಿಸಬೇಕು, ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಹನ್ನೊಂದು ವರ್ಷ ನನ್ನ ಎದುರು ತುದಿ ಹಿಡಿದವಳು ಅವಳೇ. ಇನ್ನೂರು, ಇನ್ನೂರೈವತ್ತು ಶೀಟು ದಿನಕ್ಕೆ. ಒಬ್ಬರ ಮುಖ ಒಬ್ಬರು ನೋಡುವುದೂ ಬೇಕಿರಲಿಲ್ಲ, ಬಟ್ಟೆ ಎಳೆದ ರೀತಿಯಲ್ಲೇ ಇವತ್ತು ಇವಳಿಗೆ ತಲೆನೋವು, ಇವತ್ತು ಮನೆಯಲ್ಲಿ ಮಾತಿಗೆ ಮಾತು ಬೆಳೆದಿದೆ ಎಂದು ತಿಳಿಯುತ್ತಿತ್ತು.

ಆ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಮೇಲಿನವರು ಯಾರು ಬಂದು ಏನು ಕೇಳಿದರೂ ಬಾಯಿ ಬಿಡಬೇಕಾದವಳು ಹಿರಿಯಳೊಬ್ಬಳೇ. ಟವೆಲಿಗೆ ಕಲೆ ಹೇಗಾಯಿತು, ದಿಂಬಿನ ಕವರು ಯಾರು ಹರಿದರು, ಹತ್ತು ಗಂಟೆಗೆ ಯಾರು ಕಾಣಲಿಲ್ಲ ಎಂದೆಲ್ಲ ಬಂದು ಕೇಳುತ್ತಿದ್ದರು. ಆರು ಬಾಯಿ ಮಾತಾಡಿದರೆ ಆರು ಕಥೆಯಾಗಿ ಯಾರಾದರೂ ಒಬ್ಬಳು ಸಿಕ್ಕಿಬೀಳುತ್ತಾಳೆ. ಅದಕ್ಕೇ ಒಂದೇ ಬಾಯಿ. ನನಗಿಂತ ಮುಂಚೆ ಇದ್ದವಳಿಂದ ಆ ಬಾಯಿ ನನಗೆ ಬಂತು, ಹದಿನಾರು ವರ್ಷ ನನ್ನಲ್ಲೇ ಇತ್ತು. ಕೇಳಿದವರ ಮಾತು ಮುಗಿಯುವುದರೊಳಗೆ ನನ್ನ ನಾಲಿಗೆ ಇಲ್ಲ ಎಂದಾಗಿರುತ್ತಿತ್ತು.

ಇನ್ನು ಬಾಟಲಿಗಳ ವಿಷಯ. ಕೋಣೆ ಖಾಲಿ ಮಾಡಿ ಹೋದವರು ಬಿಟ್ಟುಹೋದ ಬಾಟಲಿಗಳು ಕೊಳೆ ಬಟ್ಟೆಯ ಗಾಡಿಯಲ್ಲೇ ಕೆಳಗೆ ಬರುತ್ತಿದ್ದವು. ಒಂದರಲ್ಲಿ ಕಾಲು ಭಾಗ ವೈನು, ಒಂದರಲ್ಲಿ ಮೂರು ಬೆರಳು ಬ್ರಾಂದಿ. ಉಳಿದದ್ದನ್ನು ತೊಟ್ಟಿಗೆ ಸುರಿದು, ಖಾಲಿ ಬಾಟಲಿ ಎಣಿಸಿ ಪೆಟ್ಟಿಗೆಗೆ ಹಾಕಿ ಎಂಬುದು ಆಫೀಸಿನ ಅಪ್ಪಣೆ. ಮೊದಮೊದಲು ಸುರಿದೆವು. ಒಂದು ಚಳಿಗಾಲ, ಹೆಗಲು ಎತ್ತಲಾಗದಷ್ಟು ನೋವಿದ್ದ ದಿನ, ಸುರಿಯುವ ಬದಲು ಸ್ಟೀಲ್ ಜಗ್ಗಿಗೆ ಹಾಕಿಟ್ಟವಳು ನಾನೇ. ನಾಲ್ಕು ಗಂಟೆಗೆ ಕೊನೆಯ ಗಾಡಿ ಮೇಲಕ್ಕೆ ಹೋದ ಮೇಲೆ ಎಲ್ಲರಿಗೂ ಅರ್ಧರ್ಧ ಲೋಟ. ಮೈ ಹಗುರಾಯಿತು. ಮಾರನೆಯ ದಿನ ಯಾರೂ ಕೇಳಲಿಲ್ಲ, ನಾನೇ ಜಗ್ಗು ತೆಗೆದೆ.

ಅದನ್ನು ಕುಡಿತ ಎಂದು ನಮ್ಮಲ್ಲಿ ಯಾರೂ ಕರೆದವರಲ್ಲ. ಕುಡಿಯುವವರು ಬೇರೆ. ಸಂಜೆ ಅಂಗಡಿ ಮುಂದೆ ನಿಲ್ಲುವ ಗಂಡಸರು, ಸಂಬಳದ ದಿನ ಗೋಡೆ ಹಿಡಿದುಕೊಂಡು ನಡೆಯುವವರು. ನಾವು ಒಳ್ಳೆಯ ಪದಾರ್ಥ ದಂಡವಾಗದ ಹಾಗೆ ನೋಡಿಕೊಳ್ಳುವವರು. ಹರಿದ ಬಟ್ಟೆಗೆ ತೇಪೆ ಹಾಕುವವಳೊಬ್ಬಳಿದ್ದಳು, ಬಾಯಿ ಚೂಪು ಎಂದು ನಾವು ಸೂಜಿ ಎಂದೇ ಕರೆಯುತ್ತಿದ್ದೆವು. ಮೇಲಿನವರು ತಿಂದುಂಡು ಮಿಕ್ಕಿದ ಜ್ವರವೂ ನಮಗೇ ಬರುತ್ತದೆ, ಇದೊಂದು ಬಂದರೆ ಬೇಡ ಅನ್ನುವುದೇಕೆ ಎಂದು ಅವಳು ಲೋಟ ಚಾಚುತ್ತಿದ್ದಳು.

ತಂಗಿ ಮೊದಲ ನಾಲ್ಕು ವರ್ಷ ಮುಟ್ಟಲಿಲ್ಲ. ವಾಸನೆಗೇ ಮುಖ ಕಿವುಚುತ್ತಿದ್ದಳು. ಅವಳ ಮೊಣಕೈ ಊದಿಕೊಂಡಿದ್ದ ಒಂದು ದಿನ ನಾನೇ ಅವಳ ಕೈಗೆ ಲೋಟ ಹಿಡಿಸಿದೆ.

"ಔಷಧಿ ಅಂದ್ಕೊಂಡು ಕುಡಿ ತಂಗಿ. ನಾನು ಕೊಡ್ತಿರೋದು, ವಿಷ ಕೊಡ್ತೀನಾ?"

ಕುಡಿದಳು. ನಾನು ಕೊಟ್ಟಿದ್ದನ್ನು ಅವಳು ಬೇಡ ಎಂದದ್ದು ಕಡಿಮೆ. ಮದುವೆಯಾಗಿ ಬಂದ ವಾರ ನನ್ನ ಹಳೆಯ ಚಪ್ಪಲಿ ಕೊಟ್ಟಾಗ, ಕಾಲಿಗೆ ಸಣ್ಣದಾದರೂ ವರ್ಷವಿಡೀ ಹಾಕಿಕೊಂಡು ತಿರುಗಿದವಳು.

ಅಲ್ಲಿಂದ ಏಳು ವರ್ಷ. ಹಂಚುವವಳು ನಾನು, ಅವಳು ನನ್ನವಳು. ಅವಳ ಲೋಟಕ್ಕೆ ಸುರಿಯುವಾಗ ನನ್ನ ಕೈ ತಾನಾಗಿಯೇ ಬಗ್ಗುತ್ತಿತ್ತು. ಸೂಜಿ ನೋಡಿ ಹಂಗಿಸಿದರೆ, ಅವಳ ಕೆಲಸ ನೀನು ಮಾಡು, ನಿನಗೂ ಅಷ್ಟೇ ಹಾಕುತ್ತೇನೆ ಎನ್ನುತ್ತಿದ್ದೆ. ಶನಿವಾರ ಭಾನುವಾರ ಹೋಟೆಲಿನಲ್ಲಿ ಮದುವೆ, ಮೀಟಿಂಗು ನಡೆದರೆ ಸೋಮವಾರ ಜಗ್ಗು ಎರಡು ಸಲ ತುಂಬುತ್ತಿತ್ತು. ಸೋಮವಾರ ಅರ್ಧ ಲೋಟಕ್ಕೆ ನಿಲ್ಲುತ್ತಿರಲಿಲ್ಲ. ಅವಳದಂತೂ ಎರಡರ ಹತ್ತಿರ ಹೋಗುತ್ತಿತ್ತು.

ಒಂದು ಮಂಗಳವಾರ ಬೆಳಗ್ಗೆ ಶೀಟು ಎಳೆಯುವಾಗ ಆ ತುದಿ ನಡುಗಿತು. ಅವಳು ಜಾಡಿಸುವುದು ತಡವಾಯಿತು, ಆಮೇಲೆ ಎರಡು ಸಲ ಒಟ್ಟಿಗೆ ಜಾಡಿಸಿದಳು. ತಲೆ ಎತ್ತಿ ನೋಡಿದರೆ ಮುಖ ಬೆವರಿ ಬಿಳಿಚಿಕೊಂಡಿತ್ತು. ಎದೆಯೊಳಗೆ ಗುಬ್ಬಚ್ಚಿ ಸಿಕ್ಕಿಹಾಕಿಕೊಂಡ ಹಾಗೆ ಪಟಪಟ ಅನ್ನುತ್ತಿದೆ, ಎಣಿಸುವುದಕ್ಕೂ ಬರುತ್ತಿಲ್ಲ ಎಂದಳು. ಯಾರನ್ನು ನೆನೆಸಿಕೊಂಡೆ ಎಂದು ಸೂಜಿ ಕೇಳಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಒಂದು ಗಂಟೆಯಲ್ಲಿ ತಾನಾಗಿಯೇ ಸರಿಹೋಯಿತು. ಆಮೇಲೆ ಎರಡು ವಾರಕ್ಕೊಮ್ಮೆ, ವಾರಕ್ಕೊಮ್ಮೆ ಹೀಗೇ ಆಗತೊಡಗಿತು. ಹೆಚ್ಚಾಗಿ ಮಂಗಳವಾರವೇ ಎಂಬುದು ನನ್ನ ತಲೆಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಒರೆಸಿಹಾಕಿದೆ.

ಹೋಟೆಲಿನವರೇ ಗೊತ್ತು ಮಾಡಿದ್ದ ಒಂದು ಕ್ಲಿನಿಕ್ಕಿತ್ತು. ಅಲ್ಲಿ ನಮಗೆ ಖರ್ಚಿಲ್ಲ, ಆದರೆ ಅಲ್ಲಿ ಬರೆದ ಚೀಟಿಯ ಒಂದು ಪ್ರತಿ ಆಫೀಸಿಗೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಿಜವೋ ಸುಳ್ಳೋ, ಯಾರೂ ಹೋಗಿ ಕೇಳಿದವರಿಲ್ಲ. ಅವಳನ್ನು ನಾನೇ ಕರೆದುಕೊಂಡು ಹೋದೆ. ವಯಸ್ಸಾದ ಡಾಕ್ಟರು, ಸಾವಧಾನದ ಮನುಷ್ಯ. ಇಸಿಜಿ ತೆಗೆದರು. ಅವತ್ತು ಗುರುವಾರ, ಎದೆ ಗಡಿಯಾರದ ಹಾಗೆ ನಡೆಯುತ್ತಿತ್ತು, ಪಟ್ಟಿಯಲ್ಲಿ ಏನೂ ಸಿಗಲಿಲ್ಲ. ನಿದ್ದೆ ಹೇಗೆ, ಚಿಂತೆ ಇದೆಯಾ, ಟೀ ಎಷ್ಟು ಎಂದು ಒಂದೊಂದಾಗಿ ಕೇಳಿದರು. ಅವಳು ಹೇಳಿದಳು. ಆಮೇಲೆ ಅದೇ ದನಿಯಲ್ಲಿ, ಬರೆಯುತ್ತಲೇ, ಕುಡಿಯುವ ಅಭ್ಯಾಸ ಏನಾದರೂ ಇದೆಯೇನಮ್ಮಾ ಎಂದರು.

ಅವಳು ಬಾಯಿ ತೆರೆದಿದ್ದಳು. ನಾನು ನೋಡಿದೆ.

"ಇಲ್ಲ ಡಾಕ್ಟ್ರೇ," ಅಂದೆ ನಾನು. "ನಮ್ಮ ಮನೆ ಹೆಂಗಸರು ಅದನ್ನ ಮೂಸಿ ನೋಡಿದವರಲ್ಲ."

ಡಾಕ್ಟರು ನಕ್ಕು ಏನೋ ಗೀಚಿದರು. ದಿನಕ್ಕೆ ಆರು ಲೋಟ ಟೀ ಜಾಸ್ತಿಯಾಯಿತು, ಟೀ ಬಿಟ್ಟು ನೋಡಿ, ಮತ್ತೆ ಹಾಗಾದರೆ ಆಗಲೇ ಬನ್ನಿ ಎಂದರು. ಬಸ್ ನಿಲ್ದಾಣದ ಹತ್ತಿರ ಅವಳು ನಿಂತು, ಹೇಳಬೇಕಿತ್ತೇನೋ ಅಕ್ಕ ಎಂದಳು. ಹೇಳಿದರೆ ಆರು ಜನರ ಹೊಟ್ಟೆ ಮೇಲೆ ಹೊಡೆದ ಹಾಗೆ, ಅದೂ ಅಲ್ಲದೆ ನಿನ್ನ ಗಂಡನಿಗೆ ಗೊತ್ತಾದರೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ ಎಂದೆ. ನನ್ನ ಮುಖ. ಅವಳ ಎದೆಯ ಮಾತು ನಡೆಯುತ್ತಿದ್ದಾಗ ನಾನು ಯೋಚಿಸಿದ್ದು ನನ್ನ ಮುಖದ ಬಗ್ಗೆ.

ಮೈದುನ ನನ್ನ ಕೈಯಲ್ಲೇ ಬೆಳೆದವನು. ನಾನು ಮದುವೆಯಾಗಿ ಬಂದಾಗ ಅವನಿಗೆ ಹನ್ನೊಂದು ವರ್ಷ, ತಾಯಿಯಿಲ್ಲ. ಈಗ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬೀಡಿ ಸಿಗರೇಟು ಮುಟ್ಟದವನು, ನನ್ನೆದುರು ಇವತ್ತಿಗೂ ಕಾಲು ಚಾಚಿ ಕೂರದವನು. ಅವನ ಕಣ್ಣಲ್ಲಿ ಅತ್ತಿಗೆ ಎಂದರೆ ಒಂದು ಎತ್ತರ. ಆ ಎತ್ತರದಿಂದ ಇಳಿಯುವುದಕ್ಕೆ ನನಗೆ ಕಾಲು ಬರಲಿಲ್ಲ.

ಅವಳು ಟೀ ಬಿಟ್ಟಳು. ಬಿಟ್ಟದ್ದೆಂದರೆ ಪೂರ್ತಿ ಬಿಟ್ಟಳು. ಹತ್ತು ಗಂಟೆಗೆ ನಾವೆಲ್ಲ ಟೀ ಲೋಟ ಹಿಡಿದು ಕೂತರೆ ಅವಳು ಬಿಸಿನೀರು ಕುಡಿಯುತ್ತಿದ್ದಳು. ತಲೆ ಸಿಡಿಯುತ್ತಿತ್ತು, ತೂಕಡಿಕೆ ಬರುತ್ತಿತ್ತು, ಆದರೂ ಡಾಕ್ಟರ ಮಾತು ಮೀರಲಿಲ್ಲ. ಅವಳ ಸಪ್ಪೆ ಮುಖ ನೋಡಲಾಗದೆ ನಾಲ್ಕು ಗಂಟೆಗೆ ನಾನು ಇನ್ನೆರಡು ಗುಟುಕು ಹೆಚ್ಚಿಗೆ ಹಾಕುತ್ತಿದ್ದೆ. ಐದು ತಿಂಗಳು ಹೀಗೆ ನಡೆಯಿತು. ಮತ್ತೆ ಹಾಗಾಯಿತಾ ಎಂದು ಕೇಳಿದರೆ ಸ್ವಲ್ಪ, ಪರವಾಗಿಲ್ಲ ಎನ್ನುತ್ತಿದ್ದಳು. ಕ್ಲಿನಿಕ್ಕಿಗೆ ಹೋಗೋಣ ಎಂದು ನಾನು ಒತ್ತಾಯ ಮಾಡಲಿಲ್ಲ. ಹೋದರೆ ಮತ್ತೆ ಆ ಪ್ರಶ್ನೆ ಬರುತ್ತದಲ್ಲ.

ಆಮೇಲೆ ಆ ದಿನ ಬಂತು. ಹನ್ನೊಂದು ಗಂಟೆ ಇರಬೇಕು. ಶೀಟಿನ ತುದಿ ಅವಳ ಬಲಗೈಯಿಂದ ಜಾರಿತು. ಎತ್ತಿಕೋ ಎಂದೆ. ಬಗ್ಗಿ ಎತ್ತಿಕೊಳ್ಳಲು ನೋಡಿದಳು. ಕೈ ಬಟ್ಟೆಯ ಮೇಲೆ ಹೋಯಿತು, ಬೆರಳು ಮಡಚಿಕೊಳ್ಳಲಿಲ್ಲ. ಅಕ್ಕ ಎಂದು ಕರೆದಳು, ಆ ಎರಡಕ್ಷರವೂ ನೆಟ್ಟಗೆ ಬರಲಿಲ್ಲ. ಬಾಯಿ ಒಂದು ಕಡೆ ಇಳಿದಿತ್ತು. ಸೂಜಿಯೇ ಮೊದಲು ಎಚ್ಚೆತ್ತು ಮೇಲಕ್ಕೆ ಓಡಿ ಆಂಬುಲೆನ್ಸಿಗೆ ಫೋನ್ ಮಾಡಿಸಿದಳು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿನ ನಾಡಿ ಹಿಡಿದಿದ್ದೆ. ಮೂರು ಬಡಿತ ಓಡೋಡಿ ಬರುವುದು, ಒಂದು ನಿಲ್ಲುವುದು, ಮತ್ತೆ ಐದು ಒಂದರ ಮೇಲೊಂದು ಬೀಳುವುದು. ಅದರಲ್ಲಿ ಯಾವ ತಾಳವೂ ಇರಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಬೇಗ ಔಷಧಿ ಸಿಕ್ಕಿತು. ಜೀವಕ್ಕೆ ಭಯವಿಲ್ಲ ಎಂದು ಸಾಯಂಕಾಲದ ಹೊತ್ತಿಗೆ ಹೇಳಿದರು. ಬಾಯಿ ಬಹಳಮಟ್ಟಿಗೆ ಸರಿಯಾಯಿತು, ಮಾತು ನಿಧಾನವಾಯಿತು, ಬಲಗೈಯ ಬೆರಳುಗಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಮೈದುನ ಗ್ಯಾರೇಜಿನ ಎಣ್ಣೆ ಬಟ್ಟೆಯಲ್ಲೇ ಬಂದಿದ್ದ. ಮಾರನೆಯ ಬೆಳಗ್ಗೆ ಅಲ್ಲಿಯ ಡಾಕ್ಟರು, ನನ್ನ ಮಗಳ ವಯಸ್ಸಿನವಳು, ಅವನನ್ನೂ ನನ್ನನ್ನೂ ಮಂಚದ ಪಕ್ಕ ನಿಲ್ಲಿಸಿಕೊಂಡು ವಿವರಿಸಿದಳು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯುವ ಬದಲು ಸುಮ್ಮನೆ ನಡುಗುತ್ತಿವೆ. ನಡುಗುವಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಅದರದೊಂದು ಚೂರು ಮೆದುಳಿಗೆ ಹೋಗಿದೆ. ಇನ್ನು ಕೆಲವು ದಿನದಲ್ಲಿ ರಕ್ತ ತೆಳುವಾಗುವ ಮಾತ್ರೆ ಶುರು ಮಾಡಬೇಕು, ಅದಕ್ಕೆ ಮುಂಚೆ ಕೆಲವು ವಿಷಯ ಗೊತ್ತಾಗಬೇಕು ಎಂದು ಪಟ್ಟಿ ತೆಗೆದಳು. ಬಿಪಿ, ಸಕ್ಕರೆ, ಥೈರಾಯ್ಡು. ಆಮೇಲೆ, ಮದ್ಯ?

"ಛೆ, ಇಲ್ಲ ಮೇಡಂ," ಎಂದ ಮೈದುನ. "ನನ್ನ ಹೆಂಡತಿ ಅಂಥವಳಲ್ಲ."

ತಂಗಿ ಚಾವಣಿ ನೋಡುತ್ತಿದ್ದಳು. ನಾನು ನೆಲ ನೋಡಿದೆ. ಡಾಕ್ಟರು ಗುರುತು ಹಾಕಿ ಮುಂದಿನ ಮಂಚಕ್ಕೆ ಹೋದಳು.

ಒಂದು ಇಲ್ಲಕ್ಕೆ ಒಂದು ಕೈ ಹೋಗಿತ್ತು. ಇದು ಎರಡನೆಯದು. ಹದಿನೈದು ನಿಮಿಷ ಕೂತಿದ್ದಿರಬಹುದು. ಆಮೇಲೆ ಎದ್ದು, ನೀರು ತರುತ್ತೇನೆ ಎಂದು ಮೈದುನನಿಗೆ ಹೇಳಿ, ಡಾಕ್ಟರ ಕೋಣೆಯ ಬಾಗಿಲ ಬಳಿ ನಿಂತೆ. ಅವಳು ನಿಂತುಕೊಂಡೇ ಬ್ರೆಡ್ ತಿನ್ನುತ್ತಿದ್ದಳು. ಒಳಗೆ ಕರೆದಳು. ಕುರ್ಚಿ ತೋರಿಸಿದಳು, ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಅನ್ನಿಸಿತು.

ಎಲ್ಲ ಹೇಳಿದೆ. ಬಾಟಲಿ, ಜಗ್ಗು, ಅರ್ಧ ಲೋಟ, ಸೋಮವಾರದ ಎರಡು ಲೋಟ, ಬಗ್ಗುವ ನನ್ನ ಕೈ, ಕ್ಲಿನಿಕ್ಕಿನಲ್ಲಿ ನಾನು ಆಡಿದ ಮಾತು. ಅವಳು ಅಸಹ್ಯಪಟ್ಟುಕೊಳ್ಳಲಿಲ್ಲ. ಲೋಟ ಎಷ್ಟು ದೊಡ್ಡದು ಎಂದು ಕೈಯಲ್ಲಿ ತೋರಿಸಲು ಹೇಳಿದಳು. ಯಾವ ಯಾವ ಬಾಟಲಿ ಸೇರಿಸುತ್ತಿದ್ದಿರಿ ಎಂದು ಕೇಳಿದಳು. ವೈನಿಗೆ ಬ್ರಾಂದಿ ಬೆರೆತ ಅರ್ಧ ಲೋಟ ಎಂದರೆ ಅರ್ಧ ಲೋಟವಲ್ಲಮ್ಮಾ, ಎಂದಳು. ಗಂಡಸಿಗೂ ಅದು ಹೆಚ್ಚೇ. ಹೆಂಗಸಿನ ಮೈಯಲ್ಲಿ ಅಷ್ಟೇ ಮದ್ಯ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ, ದಿನದಿನದ್ದು ಸೇರಿ ವಾರದ್ದು ಹೆಚ್ಚಾದಷ್ಟೂ ಎದೆಯ ಲಯ ತಪ್ಪುವ ಅಪಾಯ ಏರುತ್ತದೆ, ಒಂದೇ ದಿನ ಬಹಳ ಕುಡಿದರೆ ಮಾರನೆಯ ದಿನವೇ ತಪ್ಪುವುದೂ ಉಂಟು ಎಂದಳು. ಮಂಗಳವಾರ ಎಂದೆ ನಾನು. ಅವಳು ತಲೆಯಾಡಿಸಿದಳು.

"ಹಾಗಾದ್ರೆ ಇದೆಲ್ಲ ಅದರಿಂದಲೇ ಆಯ್ತಾ ಡಾಕ್ಟ್ರೇ?"

"ಅದರಿಂದಲೇ ಅಂತ ನಾನು ಹೇಳೋಕಾಗಲ್ಲ. ಅದರಿಂದ ಅಲ್ಲ ಅಂತಾನೂ ಹೇಳೋಕಾಗಲ್ಲ. ಮೊದಲೇ ಗೊತ್ತಿದ್ದಿದ್ರೆ ಅಲ್ಲಿಯವರು ಇನ್ನೂ ಸ್ವಲ್ಪ ಹುಡುಕ್ತಿದ್ರು."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಟೀ ಬಿಡಿಸಿದ್ದರು, ಐದು ತಿಂಗಳು ಒಂದು ಗುಟುಕೂ ಕುಡಿದಿಲ್ಲ ಎಂದೆ. ಡಾಕ್ಟರು, ಟೀ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ ಎಂದಳು. ನೀವು ಬಂದು ಹೇಳಿದ್ದು ಒಳ್ಳೆಯದಾಯಿತು, ಈ ಮಾತ್ರೆಯ ಜೊತೆ ಮದ್ಯ ಸೇರಿದರೆ ಒಳಗೇ ರಕ್ತ ಸುರಿಯಬಹುದು, ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗಲೂ ಮೈ ಮೇಲೆ ಒಂದು ಕಣ್ಣಿಡಬೇಕಾಗುತ್ತದೆ ಎಂದು ಹೇಳಿ, ಇದನ್ನು ನಾನು ಅವರನ್ನೇ ಕೇಳಿ ಬರೆದುಕೊಳ್ಳುತ್ತೇನೆ, ಗಂಡನಿಗೆ ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು ಎಂದಳು.

ಹೊರಗೆ ಬಂದರೆ ಮೈದುನ ಬಾಗಿಲ ಎದುರಿನ ಬೆಂಚಿನ ಮೇಲೆ ಕೂತಿದ್ದ. ನನ್ನ ಕೈಯಲ್ಲಿ ನೀರಿನ ಬಾಟಲಿ ಇರಲಿಲ್ಲ. ಪಕ್ಕದಲ್ಲಿ ಕೂತೆ. ಅದು ಅವಳಿಗೆ ಬಿಟ್ಟ ಮಾತು ಎಂದು ಡಾಕ್ಟರು ಹೇಳಿ ಒಂದು ನಿಮಿಷವೂ ಆಗಿರಲಿಲ್ಲ. ಆದರೆ ಅವಳ ಪಾಲಿನದು ಅವಳದು, ನನ್ನ ಪಾಲಿನದನ್ನು ನಾನು ಹೇಳಬಹುದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಮತ್ತೆ ಅವಳನ್ನು ಬದಿಗಿಟ್ಟ ಹಾಗೆಯೇ ಆಯಿತು ಎಂದು ಈಗ ಗೊತ್ತಾಗುತ್ತದೆ.

"ನಾನು ಅವಳಿಗೆ ಕುಡಿಸ್ತಿದ್ದೆ ಕಣಪ್ಪ," ಅಂದೆ. "ಕೆಲಸದ ಜಾಗದಲ್ಲಿ. ಏಳು ವರ್ಷ."

ಅವನು ತನ್ನ ಅಂಗೈಯ ಎಣ್ಣೆ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಅತ್ತಿಗೆ."

ನಾನು ಅವನ ಕಡೆ ತಿರುಗಿದೆ.

"ಒಂದೇ ಮನೇಲಿ ಇರೋನಿಗೆ ವಾಸನೆ ಗೊತ್ತಾಗಲ್ವಾ? ಕೇಳಿದ್ರೆ ನಿಮ್ಮ ಹೆಸರು ಬರುತ್ತೆ. ನಿಮ್ಮನ್ನ ಕೇಳೋ ಬಾಯಿ ನಂಗೆಲ್ಲಿದೆ? ಅದಕ್ಕೇ ಕೇಳ್ಲಿಲ್ಲ."

ಈಗ ತಾನೇ ಡಾಕ್ಟರ ಮುಂದೆ ಇಲ್ಲ ಅಂದೆಯಲ್ಲೋ ಎಂದೆ. ನೀವು ಪಕ್ಕದಲ್ಲಿ ನಿಂತಿದ್ದಿರಿ ಎಂದ. ಅಷ್ಟೇ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ, ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಅಳುತ್ತಿದ್ದನಲ್ಲ, ಸದ್ದೇ ಇಲ್ಲದೆ, ಹಾಗೆ. ಅವನ ಬೆನ್ನ ಮೇಲೆ ಕೈಯಿಡಲು ಹೋಗಿ ಹಿಂದಕ್ಕೆ ತೆಗೆದುಕೊಂಡೆ. ಇಷ್ಟು ವರ್ಷ ನಾನು ಜೋಪಾನ ಮಾಡಿಟ್ಟುಕೊಂಡ ದೊಡ್ಡತನ ಅವನ ಬಾಯಿಯನ್ನೂ ಹೊಲಿದಿತ್ತು. ನನ್ನ ಪಾಪಕ್ಕೆ ಪಾಲುಗಾರ ಸಿಕ್ಕಿದ ಎಂದು ಒಂದು ಕ್ಷಣ ಹಗುರವಾಯಿತು, ಹಗುರವಾದದ್ದಕ್ಕೇ ಮತ್ತೆ ನಾಚಿಕೆಯಾಯಿತು.

ಇಬ್ಬರೂ ಮುಖ ತೊಳೆದುಕೊಂಡು ಒಳಗೆ ಹೋದೆವು. ಅವಳು ದಿಂಬಿಗೆ ಒರಗಿ ಕೂತಿದ್ದಳು. ಡಾಕ್ಟರು ನಮಗಿಂತ ಮೊದಲೇ ಬಂದು ಹೋಗಿದ್ದಳೆಂದು ಕಾಣುತ್ತದೆ. ಅವನ ಕಣ್ಣು ನೋಡಿದಳು, ನನ್ನ ಕಣ್ಣು ನೋಡಿದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಒಂದೊಂದು ಮಾತನ್ನೂ ಹುಡುಕಿ ಹುಡುಕಿ ಎತ್ತುವ ಹಾಗೆ ಮಾತಾಡಿದಳು.

"ಅಲ್ಲಿ ಅಕ್ಕ ಇಲ್ಲ ಅಂದ್ಲು. ಇಲ್ಲಿ ನೀವು ಇಲ್ಲ ಅಂದ್ರಿ. ಈಗ ಅಕ್ಕ ಹೋಗಿ ಹೌದು ಅಂದ್ಲು." ಉಸಿರು ತೆಗೆದುಕೊಂಡಳು. "ನನ್ನ ಯಾರೂ ಕೇಳ್ಲಿಲ್ಲ."

ನಾನು ತಪ್ಪಾಯಿತು ತಂಗಿ ಎಂದೆ. ಔಷಧಿ ಅಂತ ನಂಬಿಸಿ ಕುಡಿಸಿದವಳು ನಾನೇ, ನಿನ್ನದೇನೂ ಇಲ್ಲ ಎಂದೆ. ಅವಳು ತಲೆಯನ್ನು ದಿಂಬಿನ ಮೇಲೆ ಆ ಕಡೆ ಈ ಕಡೆ ಹೊರಳಿಸಿದಳು.

"ಔಷಧಿ ಅನ್ಬೇಡ ಅಕ್ಕ. ನಂಗೆ ಅದು ಇಷ್ಟ ಆಗ್ತಿತ್ತು. ಮೂರು ಗಂಟೆಯಿಂದ್ಲೇ ಅದನ್ನೇ ಕಾಯ್ತಿದ್ದೆ. ನೀನು ರಜಾ ಹಾಕಿದ ದಿನ ನಾನೇ ಜಗ್ಗು ತೆಗೀತಿದ್ದೆ."

ಮೈದುನ ಕಿಟಕಿಯ ಕಡೆ ತಿರುಗಿದ. ಅವಳು ನನ್ನನ್ನೇ ನೋಡುತ್ತಿದ್ದಳು, ಬಹಳ ದಣಿದ ಕಣ್ಣು.

"ಬಿಡು ಅಂತ ಡಾಕ್ಟ್ರು ಅಂದ್ರು. ಹೂಂ ಅಂದೆ. ಬಿಡೋಕಾಗುತ್ತೋ ಇಲ್ವೋ ನಂಗೆ ಗೊತ್ತಿಲ್ಲ."

ಆಗುತ್ತೆ ಬಿಡು, ನಾನಿಲ್ಲವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹದಿನಾರು ವರ್ಷದ ಅಭ್ಯಾಸ. ಹಲ್ಲು ಕಚ್ಚಿ ಹಿಡಿದೆ. ಅವಳು ಇನ್ನೂ ಏನೋ ಹೇಳುವವಳಿದ್ದಳು. ಮಾತು ಸಿಗುತ್ತಿರಲಿಲ್ಲ, ತುಟಿ ಅಲ್ಲಾಡುತ್ತಿತ್ತು. ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಅವಳ ಮಾತು ಬರುವವರೆಗೆ ಕಾದು ಕೂತೆ.